ರೊಟ್ಟಿಯೂ ಉಬ್ಬಬೇಕು, ಹೊಗೆಯೂ ಏರಬೇಕು

ಹೊಗೆ ತಾನಾಗಿಯೇ ಮೇಲಕ್ಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ಅರ್ಧ ಮಾತ್ರ ನಂಬಿ. ನಾನು ಕೆಲಸಕ್ಕೆ ಸೇರಿದಾಗ ಪೂರ್ತಿ ನಂಬಿದ್ದೆ. ಒಲೆ ಕಟ್ಟು, ಹಿಂದೊಂದು ಕೊಳವೆ ನಿಲ್ಲಿಸು, ಮಾಳಿಗೆಗೆ ತೂತು ಹೊಡೆದು ಹೊರಗೆ ಬಿಡು, ಹೊಗೆ ತನ್ನ ದಾರಿ ಹಿಡಿಯುತ್ತದೆ. ಇಷ್ಟಕ್ಕೂ ಪಗಾರ ಕೊಡುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ನಾನು ಕಟ್ಟಿದ ಮೊದಲನೆಯ ಒಲೆಯೇ ಐಹೊಳೆಯ ಒಂದು ಮನೆಯವರನ್ನೆಲ್ಲ ಬೆಳ್ಳಂಬೆಳಗ್ಗೆ ಅಂಗಳಕ್ಕೆ ಓಡಿಸಿದ ಮೇಲೆ ಆ ನಗು ನಿಂತಿತು.

ನನ್ನ ಹೆಸರು ರಾಜೇಸಾಬ. ಇಳಕಲ್ಲಿನವನು, ಗೋಡೆ ಕಟ್ಟುವ ಗೌಂಡಿಯ ಮಗ. ನಮ್ಮ ಜಿಲ್ಲೆಯ ಮನೆಗಳಿಗೆ ಹೊಗೆ ಇಲ್ಲದ ಒಲೆ ಕಟ್ಟಿಕೊಡುವ ಒಂದು ಸಂಸ್ಥೆಯಲ್ಲಿ ಕೂದಲು ನೆರೆಯುವವರೆಗೆ ದುಡಿದು ಈಗ ಮನೆಯಲ್ಲಿದ್ದೇನೆ. ಎಲ್ಲಿ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯಹೋದರೆ ನನಗೇ ನಿದ್ದೆ ಬರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು ಕೊಳವೆಯ ಅಳತೆ ಕೇಳುತ್ತಾರೆ. ಅಳತೆಯನ್ನು ಹೇಳಿ ಕಳಿಸುತ್ತೇನೆ. ಆದರೆ ಅಳತೆಗೆ ಸಿಗದಿದ್ದದ್ದೇ ಹೆಚ್ಚು, ಅದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ.

ಐಹೊಳೆಯ ಆ ಮನೆಗೆ ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರೇ ಬಂದರು. ಬಯ್ಯುತ್ತಾರೆಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಜೇಬಿನಿಂದ ಒಂದು ಊದಿನಕಡ್ಡಿ ತೆಗೆದು ಹಚ್ಚಿ, ಒಲೆಯ ಬಾಯಿಗೆ ಹಿಡಿದರು. ಅದರ ಹೊಗೆ ಒಳಗೆ ಹೋಗಬೇಕಾದದ್ದು ಅವರ ಮುಖದ ಕಡೆಗೇ ಬಂತು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಒಲಿಗೆ ಪೂಜಿ ಮಾಡಾಕ ಇಷ್ಟ ದೂರ ಬಂದಾರೇನ?" ಎಂದಳು.

ಸಾಹೇಬರು ನನ್ನ ಕೈ ಹಿಡಿದು ಕೊಳವೆಗೆ ಮುಟ್ಟಿಸಿದರು.

"ಹೆಂಗೈತಿ?"

"ತಣ್ಣಗೈತ್ರಿ."

"ಒಳಗಿನ ಗಾಳೀನೂ ತಣ್ಣಗೈತಿ. ತಣ್ಣನ ಗಾಳಿ ಭಾರ, ರಾತ್ರಿಯಿಂದ ಕೊಳವಿ ತುಂಬ ಕುಂತೈತಿ. ನಿನ್ನ ಹೊಗಿ ಎಳಸು. ಅದನ್ನ ದಬ್ಬಿ ಮ್ಯಾಲ ಹೋಗೂದು ಅದರ ಕೈಲಿ ಆಗೂದಿಲ್ಲ. ಮೊದಲ ದಾರಿ ಬಿಡಿಸಿಕೊಡು."

ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಬಿಟ್ಟಿದ್ದ ಸಣ್ಣ ಕಿಂಡಿಯಿತ್ತು. ಅದರಲ್ಲಿ ಒಂದು ಹಿಡಿ ರವದಿ, ಅಂದರೆ ಜೋಳದ ಒಣ ಎಲೆ, ತುರುಕಿ ಬೆಂಕಿ ಕೊಟ್ಟರು. ರವದಿ ಒಮ್ಮೆಲೇ ಹೊತ್ತಿಕೊಂಡಿತು, ಕೊಳವೆ ಗುಂ ಎಂದಿತು. ಆ ಮೇಲೆ ಒಲೆಗೆ ಊದಿನಕಡ್ಡಿ ಹಿಡಿದರೆ ಅದರ ಹೊಗೆ ದಾರದಂತೆ ಎಳೆದುಕೊಂಡು ಒಳಗೆ ಹೋಯಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಬಿಸಿ ಗಾಳಿ ಹಗುರಾಗಿ ಏರುತ್ತದೆ, ಅದು ಬಿಟ್ಟ ಜಾಗಕ್ಕೆ ಒಲೆಯ ಬಾಯಿಯಿಂದ ಬೇರೆ ಗಾಳಿ ನುಗ್ಗುತ್ತದೆ. ನಾವು ಅದಕ್ಕೆ ಎಳೆತ ಎನ್ನುತ್ತೇವೆ. ಹೊಗೆ ಹೋಗುವುದಲ್ಲ, ಅದನ್ನು ಕರೆದೊಯ್ಯಬೇಕು. ಅವತ್ತಿನಿಂದ ನನ್ನ ಜೇಬಿನಲ್ಲೂ ಊದಿನಕಡ್ಡಿ ಬಂತು. ನನ್ನ ಹೆಂಡತಿ ಅಂಗಿ ಒಗೆಯುವಾಗೆಲ್ಲ, ಯಾವ ದರ್ಗಾಕ್ಕೆ ಹೋಗಿ ಬಂದೆ ಎಂದು ಚುಡಾಯಿಸುತ್ತಿದ್ದಳು.

ದೇಸಾಯಿ ಸಾಹೇಬರಿಂದ ನಾನು ಕಲಿತ ಇನ್ನೊಂದು ಪದ್ಧತಿ, ಅಡುಗೆಮನೆಯಲ್ಲಿ ಸುಮ್ಮನೆ ಕೂಡುವುದು. ಒಲೆ ಸರಿಯಿಲ್ಲ ಎಂದು ದೂರು ಬಂದ ಕೂಡಲೇ ಸುತ್ತಿಗೆ ಎತ್ತಬಾರದು. ಅಡುಗೆ ಶುರುವಾಗುವ ಮೊದಲೇ ಹೋಗಿ ಒಂದು ಮೂಲೆಯಲ್ಲಿ ಕುಳಿತು, ಅಡುಗೆ ಮುಗಿಯುವವರೆಗೆ ಯಾರು ಏನು ಮಾಡುತ್ತಾರೆ ನೋಡಬೇಕು. ಗಂಡಸರಾದ ನಮಗೆ ಇದು ಸಂಕೋಚದ ಕೆಲಸ, ಮನೆಯವರಿಗೆ ಇನ್ನೂ ಸಂಕೋಚ. ಚಹಾ ಕೊಟ್ಟು ಕಳಿಸಲು ನೋಡುತ್ತಾರೆ. ಚಹಾ ಕುಡಿದು ಮತ್ತೆ ಅಲ್ಲೇ ಕೂಡಬೇಕು.

ಇಳಕಲ್ಲಿನಲ್ಲಿ ಒಂದು ನೇಕಾರರ ಮನೆಯಲ್ಲಿ ಹಾಗೆ ಕೂತಿದ್ದಕ್ಕೇ ಒಂದು ಜಗಳ ಬಗೆಹರಿಯಿತು. ಅತ್ತೆಯ ದೂರು ವಿಚಿತ್ರವಾಗಿತ್ತು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಮಗ ಮನೆಗೆ ಬಂದ ದಿನ ಮಾತ್ರ ಒಲೆ ಹೊಗೆ ಕಾರುತ್ತದೆ, ಉಳಿದ ದಿನ ಬೆಣ್ಣೆಯಂತೆ ಉರಿಯುತ್ತದೆ. "ಸೊಸಿ ಬೇಕಂತಲೇ ಹಸಿ ಕಟಿಗಿ ಇಡ್ತಾಳ, ಗಂಡನ ಮುಂದ ಕಣ್ಣೀರು ಹಾಕಾಕ" ಎಂದು ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದಳು. ಸೊಸೆ ನನ್ನ ಎದುರೇ, "ಕಣ್ಣೀರು ಹಾಕಾಕ ನನಗ ಕಟಿಗಿ ಯಾಕ ಬೇಕ್ರಿ, ನೀವು ಸಾಕು" ಅಂದಳು. ನಾನು ನೆಲ ನೋಡುತ್ತ ಕುಳಿತೆ. ಮಗ ಮೇಲಿನ ಕೋಣೆಯಲ್ಲಿ ಮಲಗಿದ್ದವನು ಎದ್ದು ಮೆಟ್ಟಿಲ ಬಾಗಿಲು ತೆರೆದು ಕೆಳಗಿಳಿದ. ಅವನ ಹಿಂದೆಯೇ ಒಲೆಯ ಬಾಯಿಂದ ಹೊಗೆ ಹೊರಟಿತು.

ಮೇಲಿನ ಕೋಣೆಯ ಕಿಟಕಿ ತೆರೆದಿತ್ತು. ಮೆಟ್ಟಿಲ ಬಾಗಿಲು ತೆರೆದ ಕೂಡಲೇ ಇಡೀ ಮನೆಯೇ ಒಂದು ದೊಡ್ಡ ಕೊಳವೆಯಾಗಿ, ನನ್ನ ಸಣ್ಣ ಕೊಳವೆಯ ಗಾಳಿಯನ್ನು ಕಸಿದುಕೊಳ್ಳುತ್ತಿತ್ತು. ಮಗ ಇಲ್ಲದ ದಿನ ಆ ಬಾಗಿಲನ್ನು ಯಾರೂ ತೆರೆಯುತ್ತಿರಲಿಲ್ಲ. ಬಾಗಿಲು ಹಾಕಿಸಿದೆ, ಹೊಗೆ ಒಳಗೆ ಹೋಯಿತು. ತೆರೆಸಿದೆ, ಹೊರಗೆ ಬಂತು. ಅತ್ತೆ ಮೂರು ನಾಲ್ಕು ಸಲ ತಾನೇ ಬಾಗಿಲು ತೆರೆದು ಹಾಕಿ ನೋಡಿ, ಕೊನೆಗೆ ಮಗನಿಗೆ ಬಯ್ಯಲು ಶುರು ಮಾಡಿದಳು. ಯಾರಿಗಾದರೂ ಬಯ್ಯಲೇಬೇಕಾಗಿತ್ತು ಅವಳಿಗೆ.

ಅಮೀನಗಡದ ಕರದಂಟಿನ ಅಂಗಡಿಯೊಂದರಲ್ಲೂ ಇದೇ ಕಥೆ, ಅಲ್ಲಿ ಗಾಳಿ ಕದ್ದದ್ದು ಗೋಡೆಯ ಫ್ಯಾನು. ಸೆಕೆ ಎಂದು ಮಾಲೀಕ ಹಿಂದಿನ ಗೋಡೆಗೆ ದೊಡ್ಡ ಫ್ಯಾನು ಕೂರಿಸಿ, ನೊಣ ಬರುತ್ತವೆ ಎಂದು ಬಾಗಿಲು ಕಿಟಕಿ ಮುಚ್ಚಿಸಿದ್ದ. ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ, ಒಳಗೆ ಬರಲು ಬೇರೆ ದಾರಿ ಎಲ್ಲಿದೆ? ಕೊಳವೆಯ ತಲೆಯಿಂದಲೇ ಇಳಿದು ಬರುತ್ತಿತ್ತು, ಬರುವಾಗ ಹೊಗೆಯನ್ನೂ ಕರೆದುಕೊಂಡು. ಒಂದು ಕಡಾಯಿ ಬೆಲ್ಲದ ಪಾಕ ಹೊಗೆ ವಾಸನೆ ಹಿಡಿದು ಹೋಗಿತ್ತು. ಕಿಟಕಿಗೆ ಜಾಳಿಗೆ ಬಡಿದು ತೆರೆದಿಡಲು ಹೇಳಿದೆ. "ಇಷ್ಟಽ ಏನ್ರಿ?" ಎಂದು ಮಾಲೀಕನಿಗೆ ನಿರಾಸೆಯಾಯಿತು. ದೊಡ್ಡ ರೋಗಕ್ಕೆ ದೊಡ್ಡ ಔಷಧಿಯೇ ಬೇಕು ಅನ್ನುವವರು ಈ ಕೆಲಸದಲ್ಲಿ ಬಹಳ ಸಿಗುತ್ತಾರೆ.

ಬಾದಾಮಿ ಮಾತ್ರ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗುಡ್ಡದ ಬುಡದ ಒಂದು ಓಣಿಯಲ್ಲಿ ಎಲ್ಲ ಒಲೆಗಳೂ ಚೆನ್ನಾಗಿದ್ದವು. ಆಷಾಢದ ಗಾಳಿ ಶುರುವಾದ ಕೂಡಲೇ ಎಲ್ಲವೂ ಕೆಟ್ಟವು. ಗುಡ್ಡ ಹತ್ತಿ ಬಂದ ಗಾಳಿ ಈಚೆ ಕಡೆ ದುಮ್ಮಿಕ್ಕಿ ಮಾಳಿಗೆಗಳ ಮೇಲೆ ಬೀಳುತ್ತಿತ್ತು, ಕೊಳವೆಗಳ ಬಾಯಿಗೆ ಗುದ್ದುತ್ತಿತ್ತು. ಎತ್ತರಿಸಿದರೂ ಕೇಳಲಿಲ್ಲ. ಕೊಳವೆಯ ತಲೆಗೆ ಅಡ್ಡಡ್ಡ ಒಂದು ತುಂಡು ಕೂರಿಸಿ ಎರಡೂ ಕಡೆ ಬಾಯಿ ಬಿಟ್ಟೆವು, ಮೇಲಿಂದ ಬಿದ್ದ ಗಾಳಿ ಒಳಗಿಳಿಯದಂತೆ. ಕೆಲಸ ಮಾಡಿತು. ಆದರೆ ಬಾದಾಮಿಯ ಮಂಗಗಳಿಗೂ ಅದು ಬಹಳ ಹಿಡಿಸಿತು. ಮಳೆಯ ದಿನಗಳಲ್ಲಿ ಬೆಚ್ಚಗಿನ ಕೊಳವೆಯ ಮೇಲೆ ಗಂಡ ಹೆಂಡತಿ ಮಕ್ಕಳೊಂದಿಗೆ ಕುಳಿತು, ಎದ್ದು ಹೋಗುವಾಗ ಜೋಕಾಲಿಯಾಡಿ ಕಿತ್ತು ಹೋಗುತ್ತಿದ್ದವು. ಜಾಲಿಯ ಮುಳ್ಳು ಸುತ್ತಿ ನೋಡಿದೆವು. ಮುಳ್ಳು ಬಿಡಿಸಿ ಪಕ್ಕಕ್ಕೆ ಇಟ್ಟು ಕುಳಿತವು. ಕೊನೆಗೆ ಕಬ್ಬಿಣದ ಪಟ್ಟಿ ಬಿಗಿದು, ಕೂತರೂ ಕೂಡಲಿ ಎಂದು ಕೈ ಮುಗಿದು ಬಂದೆವು.

ಇವೆಲ್ಲ ಗಾಳಿಯ ಆಟಗಳು. ನೋಡಿದರೆ ತಿಳಿಯುತ್ತವೆ. ನನ್ನನ್ನು ನಿಜಕ್ಕೂ ಪೇಚಿಗೆ ಸಿಕ್ಕಿಸಿದ್ದು ಹುನಗುಂದದ ಗಂಗವ್ವನ ಒಲೆ.

ಗಂಗವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವವಳು. ಓಣಿಯ ಇನ್ನಿಬ್ಬರು ಹೆಂಗಸರು ಅವಳ ಜೊತೆಗೆ ರೊಟ್ಟಿ ಬಡಿಯಲು ಬರುತ್ತಿದ್ದರು. ಗಟ್ಟಿ ದನಿಯ, ಗಟ್ಟಿ ಮಾತಿನ ಹೆಂಗಸು. ಮನೆಯಲ್ಲಿ ಗ್ಯಾಸ್ ಇತ್ತು, ಚಹಾಕ್ಕೆ ಮತ್ತು ಸಾರಿಗೆ. ರೊಟ್ಟಿಗೆ ಮಾತ್ರ ತೊಗರಿ ಕಟ್ಟಿಗೆಯ ಒಲೆಯೇ ಆಗಬೇಕು. ವರ್ಷಗಟ್ಟಲೆ ಆ ಹೊಗೆಯಲ್ಲಿ ಕೂತು ಎದೆ ಕೆಟ್ಟಿತ್ತು. ಮಾತಿನ ನಡುವೆ ಕೆಮ್ಮು ಬಂದರೆ ಮಾತು ಎಲ್ಲಿ ನಿಂತಿತ್ತೆಂಬುದೇ ಮರೆಯುವಷ್ಟು ಹೊತ್ತು ಕೆಮ್ಮುತ್ತಿದ್ದಳು. ಮಗಳು ಸುವರ್ಣಾ ಬಾಗಲಕೋಟೆಯಲ್ಲಿ ಒಂದು ದವಾಖಾನೆಯ ನರ್ಸು. ಒಲೆ ಕಟ್ಟಿಕೊಡಿ ಎಂದು ನಮ್ಮ ಕಚೇರಿಗೆ ಬಂದವಳು ಅವಳೇ.

ನಾನು ಬಹಳ ಉಮೇದಿನಿಂದ ಕಟ್ಟಿದೆ. ಎತ್ತರದ ಕೊಳವೆ, ಒಂದೂ ತಿರುವಿಲ್ಲ, ಸಂದುಗಳೆಲ್ಲ ಬಿಗಿ. ಊದಿನಕಡ್ಡಿ ಹಿಡಿದರೆ ಹೊಗೆಯಷ್ಟೇ ಅಲ್ಲ, ಕಡ್ಡಿಯೇ ಒಳಗೆ ಹೋದೀತು ಅನ್ನಿಸುವಂಥ ಎಳೆತ. ಅಷ್ಟು ಜೋರಾಗಿ ಎಳೆಯುವ ಒಲೆಯನ್ನು ನಾನು ಅದುವರೆಗೆ ಕಟ್ಟಿರಲಿಲ್ಲ. ಮೀಸೆ ತಿರುವಿಕೊಂಡು ಬಂದೆ.

ಕೆಲವು ವಾರಗಳಲ್ಲಿ ಸುವರ್ಣಾ ಫೋನು ಮಾಡಿದಳು. "ಎಂಥಾ ಒಲಿ ಕಟ್ಟೀರಿ ಕಾಕಾ? ಮನಿ ತುಂಬ ಹೊಗಿ. ಅವ್ವನ ಕೆಮ್ಮು ಮೊದಲಿಗಿಂತ ಜಾಸ್ತಿ ಆಗೈತಿ. ನಮ್ಮ ಡಾಕ್ಟರು ಹೇಳ್ಯಾರ, ಇನ್ನ ಹೊಗಿ ಕುಡದ್ರ ಎದಿ ಪೂರಾ ಹೋಗ್ತೈತಿ ಅಂತ. ಈ ತಿಂಗಳ ಕೊನಿಗೆ ನಾ ಬರ್ತೇನಿ. ಅಷ್ಟೊತ್ತಿಗೆ ಇದು ಸರಿ ಆಗ್ಲಿಲ್ಲಂದ್ರ ಒಲಿ ಒಡದು ಹಾಕಿ ಆಕಿನ್ನ ನನ್ನ ಮನಿಗೆ ಕರಕೊಂಡು ಹೋಗ್ತೇನಿ."

ನನಗೆ ನಂಬಿಕೆ ಬರಲಿಲ್ಲ. ಮರುದಿನವೇ ಬಸ್ಸು ಹಿಡಿದು ಹುನಗುಂದಕ್ಕೆ ಹೋದೆ. ಮಾಳಿಗೆ ಹತ್ತಿ ನೋಡಿದರೆ ಕೊಳವೆಯ ಬಾಯಿಗೆ ಹಸಿ ಗೋಣಿಚೀಲ ತುರುಕಿದೆ.

ನನ್ನ ಸಿಟ್ಟು ನೆತ್ತಿಗೇರಿತು. ಚೀಲ ಕಿತ್ತುಕೊಂಡು ಕೆಳಗಿಳಿದು, "ಇದನ್ನ ಯಾರು ತುರುಕಿದವ್ರು?" ಎಂದೆ.

ಗಂಗವ್ವ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ. "ನಾನಽ. ಮ್ಯಾಲ ಹತ್ತಿ ತುರುಕೇನಿ."

"ಅಲ್ಲವ್ವಾ, ಅದು ಹೊಗಿ ಹೋಗೂ ದಾರಿ. ಮೂಗು ಬಾಯಿ ಮುಚ್ಚಿಕೊಂಡು ಉಸರು ಬರವಲ್ಲದು ಅಂದ್ರ ಹೆಂಗ?"

"ನಿನ್ನ ಒಲಿ ನಿನಗ ಭಾಳ ಚಂದ ಕಾಣ್ತೈತಿ ರಾಜೇಸಾಬ. ನನ್ನ ರೊಟ್ಟಿ ನೋಡಿಯೇನ? ಕುಂದರು. ನೋಡಿ ಆಮ್ಯಾಲ ಮಾತಾಡು."

ಕುಳಿತೆ. ನಮ್ಮ ಕಡೆಯ ಓದುಗರಿಗೆ ರೊಟ್ಟಿ ಸುಡುವುದನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರಿನ ಅರಿವೆ ಸವರಿ, ತಿರುವಿ ಹಾಕಿದ ಮೇಲೆ ಅದರ ಅರ್ಧ ಕೆಲಸವಷ್ಟೇ ಮುಗಿಯುತ್ತದೆ. ಆ ಮೇಲೆ ಒಲೆಯ ಬಾಯಿಗೆ ಕೆಂಡ ಎಳೆದುಕೊಂಡು, ರೊಟ್ಟಿಯನ್ನು ಅದರ ಎದುರಿಗೆ ಆನಿಸಿ ನಿಲ್ಲಿಸಬೇಕು. ಕೆಂಡದ ಕಾವಿಗೆ ಅದು ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬದ ರೊಟ್ಟಿಯನ್ನು ಖಾನಾವಳಿಯವರು ತಿರುಗಿ ಕಳಿಸುತ್ತಾರೆ.

ಗೋಣಿಚೀಲ ತೆಗೆದ ನನ್ನ ಒಲೆಯಲ್ಲಿ ಬೆಂಕಿ ಬಾಯಿಯ ಹತ್ತಿರ ನಿಲ್ಲಲೇ ಇಲ್ಲ. ಉರಿಯೆಲ್ಲ ಬೆನ್ನು ತಿರುಗಿಸಿ ಕೊಳವೆಯ ಕಡೆಗೆ ಓಡಿತು. ತೊಗರಿ ಕಟ್ಟಿಗೆ ಭರಭರ ಉರಿದು ಬೂದಿಯಾಯಿತು, ಕೆಂಡವೇ ಉಳಿಯಲಿಲ್ಲ. ಗಂಗವ್ವ ಇದ್ದಬದ್ದ ಕೆಂಡವನ್ನು ಮುಂದಕ್ಕೆ ಎಳೆದು ರೊಟ್ಟಿ ನಿಲ್ಲಿಸಿದಳು. ಒಳಗೆ ನುಗ್ಗುವ ತಣ್ಣನೆ ಗಾಳಿ ರೊಟ್ಟಿಯ ಬೆನ್ನಿಗೆ ಬಡಿಯಿತು. ರೊಟ್ಟಿ ಚಪ್ಪಟೆಯಾಗಿಯೇ ಒಣಗಿತು. ಇನ್ನೊಂದು, ಮತ್ತೊಂದು. ಒಂದೂ ಉಬ್ಬಲಿಲ್ಲ. ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ನನಗೆ ನಾಚಿಕೆಯಾಯಿತು, ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ ಕುತೂಹಲ ಕೆರಳಿತು. ಅಷ್ಟು ವರ್ಷ ಎಳೆತ ಸಾಲದು ಎನ್ನುವ ದೂರನ್ನೇ ಕೇಳಿದ್ದೆ, ಎಳೆತ ಹೆಚ್ಚಾಯಿತು ಎನ್ನುವ ದೂರು ಇದೇ ಮೊದಲು.

"ಗಂಗವ್ವಾ, ಬಾಗಲಕೋಟಿಗೆ ಹೋಗಾಕ ನಿನಗ ಮನಸೈತೇನು?" ಎಂದು ಕೇಳಿದೆ.

"ನನ್ನ ಮಗಳು ಬಂಗಾರ" ಎಂದಳು ಅವಳು. "ಆಕಿ ಮನಿಯಾಗ ನನಗ ಯಾವ ಕೊರತೀನೂ ಇಲ್ಲ. ಖರೆ ಅಲ್ಲಿ ಹೋಗಿ ನಾ ಏನು ಮಾಡ್ಲಿ? ಈ ಕೈ ಮಡಚಿಕೊಂಡು ಕುಂದರಾಕ ನನಗ ಬರೂದಿಲ್ಲ. ಇವರಿಬ್ಬರನ್ನ ಏನಂತ ಮನಿಗೆ ಕಳಸ್ಲಿ? ನೀ ಹೊಗೀನೂ ತಗಿ, ರೊಟ್ಟೀನೂ ಉಬ್ಬಿಸು. ಎರಡೂ ಆಗ್ಲಿಲ್ಲಂದ್ರ ನನಗ ರೊಟ್ಟಿ ಬೇಕು." ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಗೋಡೆ ಹಿಡಿದು ಕೆಮ್ಮಿದಳು. ನನಗೆ ಅಲ್ಲಿ ಕೂಡಲಾಗಲಿಲ್ಲ.

ಆಗ ನಮ್ಮ ಕಚೇರಿಯಲ್ಲಿ ದೇಸಾಯಿ ಸಾಹೇಬರು ಇರಲಿಲ್ಲ. ಅವರ ಜಾಗಕ್ಕೆ ಬಂದವರಿಗೆ ಕಟ್ಟಿ ಮುಗಿದ ಒಲೆಯ ಫೋಟೋ ಮೊಬೈಲಿನಲ್ಲಿ ಏರಿದರೆ ಸಾಕಾಗಿತ್ತು. "ಒಲಿ ಎಳೀತೈತಿ ಅಲ್ಲ? ಹಂಗಾದ್ರ ನಮ್ಮ ಕೆಲಸ ಮುಗೀತು. ರೊಟ್ಟಿ ಉಬ್ಬೂದು ನಮ್ಮ ಬಾಬತ್ತಲ್ಲ" ಎಂದರು. ಕೆಟ್ಟ ಮನುಷ್ಯರೇನಲ್ಲ. ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು, ಸುಡುವುದನ್ನು ನೋಡಿರಲಿಲ್ಲ ಅಷ್ಟೇ. ನಾನು ರಜೆ ಹಾಕಿ ಹುನಗುಂದಕ್ಕೆ ಹೋದೆ.

ಕೊಳವೆಯ ಬುಡದಲ್ಲಿ ಒಂದು ಸೀಳು ಕೊಯ್ದು ತಗಡಿನ ಅಡ್ಡತಟ್ಟೆ ಕೂರಿಸಿದೆ. ಎಳೆದರೆ ದಾರಿ ತೆರೆಯುತ್ತದೆ, ತಳ್ಳಿದರೆ ಕಿರಿದಾಗುತ್ತದೆ. ಮೊದಲ ದಿನ ರೊಟ್ಟಿಗೊಮ್ಮೆ ತೆರೆದು ಮುಚ್ಚುವ ಉಪಾಯ ಹೂಡಿದೆ. ಗಂಗವ್ವ ಸ್ವಲ್ಪ ಹೊತ್ತು ಹಾಗೆಯೇ ಮಾಡಿ, "ಒಂದು ಕೈಯಾಗ ರೊಟ್ಟಿ, ಒಂದು ಕೈಯಾಗ ಅರವಿ. ನಿನ್ನ ತಗಡು ಎಳ್ಯಾಕ ಹಲ್ಲಿಲೆ ಹಿಡೀಲೇನು?" ಎಂದಳು. ಹೆಂಗಸರು ನಕ್ಕರು. ನಾನೂ ನಕ್ಕೆ.

ಮರುದಿನ ಒಲೆ ಹೊತ್ತಿಸುವಾಗ ತಟ್ಟೆ ಪೂರಾ ತೆರೆದಿಟ್ಟು, ಕೊಳವೆ ಕೈ ಮುಟ್ಟಲಾಗದಷ್ಟು ಕಾದ ಮೇಲೆ ಒಮ್ಮೆ ಕಿರಿದು ಮಾಡಿ ಹಾಗೇ ಬಿಟ್ಟೆ. ಕಾದ ಕೊಳವೆಗೆ ಸಣ್ಣ ದಾರಿ ಸಾಕು. ಅಷ್ಟರಿಂದಲೇ ಹೊಗೆಯನ್ನು ಎಳೆದುಕೊಳ್ಳುತ್ತದೆ, ಉರಿಯನ್ನು ಎಳೆದುಕೊಳ್ಳುವಷ್ಟು ಬಲ ಅದಕ್ಕೆ ಉಳಿಯುವುದಿಲ್ಲ. ಎಲ್ಲಿಗೆ ಕಿರಿದು ಮಾಡಬೇಕು ಎಂಬುದೇ ಪ್ರಶ್ನೆ. ನಾನು ಊದಿನಕಡ್ಡಿ ಹಿಡಿದು ಒಲೆಯ ಬಾಯಿ ನೋಡುತ್ತಿದ್ದೆ, ಗಂಗವ್ವ ಕೆಂಡ ನೋಡುತ್ತಿದ್ದಳು. ನಾನು ಇನ್ನಷ್ಟು ತೆರೆ ಎಂದರೆ ಅವಳು ಇನ್ನಷ್ಟು ಮುಚ್ಚು ಎನ್ನುವಳು. ಜಗಳವಾಡುತ್ತ ಆಡುತ್ತ ತಟ್ಟೆ ಒಂದು ಕಡೆ ನಿಂತಿತು. ಹೊಗೆ ಅಂಚಿನವರೆಗೆ ಬಂದು ಒಳಗೆ ತಿರುಗುತ್ತಿತ್ತು. ಕೆಂಡ ಕೆಂಪಗೆ ಮುಂದೆ ಕೂತಿತ್ತು. ಅವಳು ರೊಟ್ಟಿ ಆನಿಸಿದಳು. ಎಲ್ಲರೂ ಬಗ್ಗಿ ನೋಡಿದೆವು. ಮೊದಲು ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಎದ್ದಿತು, ಅದು ಹರಡಿತು, ಆಮೇಲೆ ಇಡೀ ರೊಟ್ಟಿ ಎದ್ದು ಕೂತಿತು. ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ.

ನೀವು ಅಡ್ಡತಟ್ಟೆ ಕೂರಿಸುವುದಾದರೆ ಒಂದು ಮಾತು ಮರೆಯಬೇಡಿ. ತಟ್ಟೆಯ ಒಂದು ಮೂಲೆ ಕತ್ತರಿಸಿಬಿಡಿ. ಪೂರಾ ತಳ್ಳಿದರೂ ಅಲ್ಲಿ ದಾರಿ ಉಳಿಯಬೇಕು. ಕೆಂಡ ಮುಚ್ಚಿಟ್ಟ ಒಲೆಯ ಗಾಳಿ ಕಣ್ಣಿಗೆ ಕಾಣದೆ ಜೀವ ತೆಗೆಯುತ್ತದೆ.

ತಿಂಗಳ ಕೊನೆಗೆ ಸುವರ್ಣಾ ಬಂದಳು. ನನಗೂ ಬರಲು ಹೇಳಿದ್ದಳು. ಅವಳು ಬಾಗಿಲ ಹತ್ತಿರ ನಿಂತು ರೊಟ್ಟಿ ಮುಗಿಯುವವರೆಗೂ ಕದಲಲಿಲ್ಲ, ಒಲೆಯನ್ನು ನೋಡಲಿಲ್ಲ, ರೊಟ್ಟಿಯನ್ನೂ ನೋಡಲಿಲ್ಲ, ತಾಯಿಯ ಎದೆಯನ್ನೇ ನೋಡುತ್ತಿದ್ದಳು. ಗಂಗವ್ವ ಒಂದೆರಡು ಸಲ ಕೆಮ್ಮಿದಳು, ಹಳೆಯ ಕೆಮ್ಮು. ಹೊಗೆ ಇರಲಿಲ್ಲ.

"ಈಗೇನೋ ಚಲೋ ಐತಿ ಕಾಕಾ" ಎಂದಳು ಸುವರ್ಣಾ ನನ್ನನ್ನು ಹೊರಗೆ ಕರೆದು. "ಹಿಂಗಽ ಇರ್ತೈತಿ ಅಂತ ನೀವು ಬರದು ಕೊಡ್ತೀರೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲವ್ವಾ" ಎಂದೆ. "ಕೊಳವಿಯೊಳಗ ಮಸಿ ಕುಂದರತೈತಿ. ತಿಂಗಳಿಗೊಮ್ಮೆ ಮಾಳಗಿ ಹತ್ತಿ ಹಗ್ಗಕ್ಕ ಗೋಣಿ ಗಂಟು ಕಟ್ಟಿ ಜಗ್ಗಿ ತಗೀಬೇಕು. ತಗೀಲಿಲ್ಲಂದ್ರ ಮೊದಲಿನಂಗ ಆಗ್ತೈತಿ. ನಾ ಕಟ್ಟಿದ ಒಲಿ ಎಷ್ಟೋ ಸತ್ತಾವ, ಎಲ್ಲಾ ಇದರಿಂದನ. ನಿಮ್ಮವ್ವ ಈ ಎದಿ ಇಟ್ಟಕೊಂಡು ಇನ್ನ ಮ್ಯಾಲ ಹತ್ತಬಾರದು, ಆ ಮಸಿ ಕುಡೀಬಾರದು. ಯಾರರ ಒಬ್ಬರು ಬೇಕು."

ಅವಳು ತಲೆ ಎತ್ತಿ ಮಾಳಿಗೆಯ ಮೇಲಿನ ಕೊಳವೆಯನ್ನು ನೋಡಿದಳು. ಬಾಗಲಕೋಟೆಯ ಬಸ್ಸಿಗೆ ಒಬ್ಬಳೇ ಹೋದಳು. ಅಷ್ಟಕ್ಕೇ ಗಂಗವ್ವ ಗೆದ್ದೆ ಎಂದುಕೊಂಡಳು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಮಸಿ ಕೂಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ತಿಂಗಳ ಮೇಲೆ ಹುನಗುಂದದ ಕೋರ್ಟಿನ ಕಡೆ ಏನೋ ಕೆಲಸವಿತ್ತು, ಹಾಗೆಯೇ ಗಂಗವ್ವನ ಮನೆಗೆ ಹೋದೆ. ಒಲೆ ಆರಿತ್ತು. ಗಂಗವ್ವ ಕೊಳವೆಯ ಬುಡದ ಕಿಂಡಿಯ ಮುಂದೆ ಬುಟ್ಟಿ ಹಿಡಿದು ಕುಳಿತಿದ್ದಳು. ಮೇಲಿಂದ ಮಸಿ ದಪದಪ ಬೀಳುತ್ತಿತ್ತು. ನನಗೆ ಗಾಬರಿಯಾಯಿತು. "ಯಾರವ್ವಾ ಮ್ಯಾಲ?" ಎನ್ನುವಷ್ಟರಲ್ಲಿ ಕೊಳವೆಯೇ ಮಾತಾಡಿತು.

"ಅವ್ವಾ, ಎಲ್ಲಾ ಬಿತ್ತೇನು?"

ಸುವರ್ಣಾಳ ದನಿ. ಬೆಳಗಿನ ಮೊದಲನೆಯ ಬಸ್ಸಿಗೆ ಬಂದಿದ್ದಳಂತೆ. ಸಂಜೆ ಡ್ಯೂಟಿಗೆ ಹೊರಡಬೇಕಂತೆ.

ಗಂಗವ್ವ ಕಿಂಡಿಯೊಳಗೆ ಮುಖ ಚಾಚಲು ಹೋದಳು. ನಾನು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದೆ. ಕುಳಿತಲ್ಲಿಂದಲೇ ತನ್ನ ಗಟ್ಟಿ ದನಿಯಲ್ಲಿ ಕೂಗಿದಳು:

"ಬಿತ್ತು, ಎಲ್ಲಾ ಬಿತ್ತು. ಮೂಗಿಗೆ ಸೆರಗು ಕಟಗೊಂಡಿ ಇಲ್ಲೋ? ಆ ಮಸಿ ಎದಿಯಾಗ ಹೋದ್ರ ಕೆಮ್ಮು ಹತ್ತತೈತಿ, ಹೇಳಿದ್ರ ಕೇಳೂದಿಲ್ಲ ನೀ."

ಕೊಳವೆಯಲ್ಲಿ ಮಗಳ ನಗು ಮಸಿಯ ಜೊತೆಗೇ ಇಳಿದು ಬಂತು.